ಅರ್ಧಚಂದ್ರನ ಕುಳಿಗಳು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ನದಿಗಳು ತಾವು ಹರಿಯುವ ದಾರಿ ಹುಡುಕುತ್ತಿದ್ದವು, ಹಕ್ಕಿಗಳು ಹಾರಲು ಕಲಿಯುತ್ತಿದ್ದವು. ಚಂದ್ರನ ಮುಖ ಆಗಷ್ಟೇ ತೊಳೆದ ಬೆಣ್ಣೆಯುಂಡೆಯ ಹಾಗೆ ನುಣ್ಣಗಿತ್ತು.

ಆಗ ಮಾಳವ್ವ ಎಂಬ ಅಜ್ಜಿ ಇದ್ದಳು. ಹೊಸದಾಗಿ ಹುಟ್ಟಿದ್ದನ್ನೆಲ್ಲ ನೋಡಿ ನೋಡಿ, ಕೆಮ್ಮಣ್ಣು ಕಲಸಿ, ಬಂಡೆಯ ಮೇಲೆ ಚಿತ್ರ ಬರೆಯುವುದು ಅವಳ ಕೆಲಸ. ಆನೆ ಬರೆದಳು, ಆಮೆ ಬರೆದಳು.

ಒಂದು ಸಂಜೆ ಆಕಾಶದಿಂದ ಗುಡ್ಡದಷ್ಟು ದೊಡ್ಡ ಕಲ್ಲುಗಳು ಉರುಳಿ ಬಂದವು. ನೆಲದಲ್ಲೇ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿ, "ಅಯ್ಯೋ, ನನ್ನ ಮೊಟ್ಟೆ!" ಎಂದು ಕೂಗಿತು.

ಕೂಗು ಕೇಳಿ ಚಂದ್ರ ಓಡಿಬಂದು ಅಡ್ಡ ನಿಂತ. ಧಡ್! ಧಡ್! ಕಲ್ಲುಗಳೆಲ್ಲ ಅವನ ಮುಖಕ್ಕೇ ಬಡಿದವು.

ಮೊಟ್ಟೆಗಳು ಉಳಿದವು. ಚಂದ್ರನ ಮುಖದ ತುಂಬ ಮಾತ್ರ ಕುಳಿಗಳು ಬಿದ್ದವು. ಅವನು ನಾಚಿ ಕತ್ತಲೆಯೊಳಗೆ ಸೇರಿಕೊಂಡ. ಒಂದು ದಿನ ಬರಲಿಲ್ಲ, ಎರಡು ದಿನ ಬರಲಿಲ್ಲ. ಕಡಲು ಉಬ್ಬುವುದನ್ನೇ ಮರೆಯಿತು. ಆಮೆಮರಿಗಳಿಗೆ ನೀರಿನ ದಾರಿ ಕಾಣದಾಯಿತು.

ಮಾಳವ್ವ ಬಂಡೆಯ ನೆತ್ತಿಗೆ ಹತ್ತಿದಳು. "ಬಾರಪ್ಪಾ ಚಂದಿರಾ, ನಿನ್ನ ಚಿತ್ರ ಬರೀಬೇಕು."

"ಬೇಡವ್ವಾ. ನನ್ನ ಮುಖ ನೋಡಿದೋರು ನಗ್ತಾರೆ."

"ನಾನು ನಗೋದಿಲ್ಲ. ಬಾ."

ಚಂದ್ರ ಮೆಲ್ಲಗೆ ಬಂದ. ಪಾಪ ಅನ್ನಿಸಿ ಸೂರ್ಯ ಎದುರಿನಿಂದಲೇ ಬೆಳಕು ಸುರಿದ. ಆ ಹೊಳಪಿನಲ್ಲಿ ಕುಳಿಗಳೆಲ್ಲ ಮುಚ್ಚಿಹೋದವು.

ಮಾಳವ್ವನ ಕೈ ನಿಂತಿತು. "ಇದು ಇವನ ಮುಖವೇ ಅಲ್ಲ. ಸೂರಪ್ಪಾ, ಒಂಚೂರು ಪಕ್ಕಕ್ಕೆ ನಿಲ್ಲು."

ಸೂರ್ಯ ಪಕ್ಕಕ್ಕೆ ಸರಿದ. ಚಂದ್ರನ ಅರ್ಧ ಮುಖ ಬೆಳಕು, ಅರ್ಧ ಕತ್ತಲೆ. ಎರಡೂ ಕೂಡುವಲ್ಲಿ ಪ್ರತಿ ಕುಳಿಯಲ್ಲೂ ನೆರಳು ತುಂಬಿತು. ಮಾಳವ್ವ ಒಂದನ್ನೂ ಬಿಡದೆ ಬರೆದಳು. ಬರೆಯುತ್ತಾ ಬರೆಯುತ್ತಾ ಅವಳ ಕಣ್ಣು ಒದ್ದೆಯಾಯಿತು. ಇಷ್ಟೊಂದು ಏಟು ತಿಂದನೇ ಇವನು!

ಪ್ರಾಣಿಗಳೆಲ್ಲ ಚಿತ್ರ ನೋಡಲು ಬಂದವು. ಟಿಟ್ಟಿಭ ಒಂದು ದೊಡ್ಡ ಕುಳಿಯ ಮೇಲೆ ಕೊಕ್ಕಿಟ್ಟು, "ಈ ಕಲ್ಲು ನನ್ನ ಗೂಡಿಗೇ ಬೀಳೋದಿತ್ತು" ಎಂದಿತು. ಯಾರೂ ನಗಲಿಲ್ಲ.

ಚಂದ್ರ ಬಗ್ಗಿ ತನ್ನ ಚಿತ್ರವನ್ನು ಬಹಳ ಹೊತ್ತು ನೋಡಿದ. "ಹೌದವ್ವಾ, ಇದು ನಾನೇ. ಆದರೂ ತಿಂಗಳಿಗೊಂದು ಸಲ ಮೊದಲಿನ ಹಾಗೆ ನುಣ್ಣಗೆ ಕಾಣೋ ಆಸೆ."

"ಅದಕ್ಕೇನಂತೆ, ಕಾಣಪ್ಪಾ" ಎಂದು ನಕ್ಕಳು ಮಾಳವ್ವ.

ಅದಕ್ಕೇ ಪುಟ್ಟಾ, ಹುಣ್ಣಿಮೆಯಂದು ಫೋಟೊ ತೆಗೆದರೆ ಚಂದ್ರ ಬರೀ ಬೆಳ್ಳಗೆ ಬರುತ್ತಾನೆ. ಅರ್ಧಚಂದ್ರನಿರುವ ಸಂಜೆ ದೂರದರ್ಶಕಕ್ಕೆ ಕ್ಯಾಮೆರಾ ಹಿಡಿದರೆ, ಬೆಳಕು ಕತ್ತಲೆ ಕೂಡುವ ಗೆರೆಯುದ್ದಕ್ಕೂ ತನ್ನ ಕುಳಿಗಳನ್ನೆಲ್ಲ ನಾಚದೆ ತೋರಿಸುತ್ತಾನೆ.