ಮನೆಯೊಳಗೆ ಬಂದ ಹೊಲ

ನಗಬೇಕು ಅನ್ನಿಸಿದರೆ ನಗ್ರಿ, ತಪ್ಪಿಲ್ಲ. ಆದರೆ ಫಕೀರವ್ವನ ಎದುರಿಗೆ ಮಾತ್ರ ಈ ಕತೆ ತೆಗೀಬೇಡ್ರಿ.

ಫಕೀರವ್ವನಿಗೆ ಒಬ್ಬನೇ ಮಗ, ದ್ಯಾಮ. ಎತ್ತಿನಂಥ ಮೈ, ಕರುವಿನಂಥ ಮನಸ್ಸು. ತಲೆಯೊಳಗೆ ಮಾತ್ರ ಒಂದೇ ಮಾತಿಗೆ ಜಾಗ! ಅವ್ವ ಕಡೇ ಸಲ ಬೈದು ಹೇಳಿದ್ದು ಅಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು.

ಅವರಿಗಿದ್ದದ್ದು ಅರ್ಧ ಎಕರೆ. ಮೊದಲು ಅದು ಬರೀ ಕಲ್ಲು ಮರಡಿ. ಫಕೀರವ್ವನ ಗಂಡ ಬದುಕಿರುವ ತನಕ ಬೇಸಿಗೆ ಬೇಸಿಗೆಗೂ ಕೆರೆಯ ಗೋಡುಮಣ್ಣು ಹೊತ್ತು ಹಾಕಿ, ಸೊಪ್ಪು-ಸದೆ ಕೊಳೆಸಿ, ಗೇಣುದ್ದ ಕರಿ ಮಣ್ಣು ಮಾಡಿಟ್ಟು ಹೋಗಿದ್ದ. ಎಲ್ಲಿ ಕೆದಕಿದರೂ ಎರೆಹುಳು.

ಒಂದು ದಿನ ಫಕೀರವ್ವ ಅಂದಳು, "ದ್ಯಾಮಾ, ತಿಪ್ಪಿಗೊಬ್ಬರ ಹೊಲಕ್ಕ ಹಾಕಿ ಬಾರೋ."

ದ್ಯಾಮ ಹೋದ, ಹಾಕಿದ, ಬಂದ. ಮರುದಿನ ಅವಳು ನೋಡಿದರೆ ಇಡೀ ತಿಪ್ಪೆ ಹೊಲದ ನಟ್ಟನಡುವೆ ಗುಡ್ಡದ ಹಾಗೆ ನಿಂತಿದೆ!

"ಅಯ್ಯ ನನ್ನ ಕರ್ಮ! ಎಲ್ಲಾ ಒಂದ ಕಡೆ ಸುರಿದಿಯೇನೋ?"

"ಹಾಕು ಅಂದಿ, ಹಾಕಿದೆ."

"ಹಂಗಲ್ಲೋ ಪೆದ್ದ! ನಡಕೋತ ನಡಕೋತ ತೆಳ್ಳಗ ಚೆಲ್ಲಬೇಕು!"

"ಹಂಗಾ? ಇನ್ನೊಮ್ಮೆ ಹಂಗ ಮಾಡ್ತೀನಿ ತಗೋ."

ಬಿತ್ತೋ ಹೊತ್ತಿಗೆ ಅವನನ್ನು ತನ್ನ ತಮ್ಮನ ಊರಿಗೆ ಕಳಿಸಿದಳು, ಬೀಜದ ಹೆಸರುಕಾಳು ತಾ ಅಂತ. ಸಂಜೆಗೆ ದ್ಯಾಮ ಖಾಲಿ ಚೀಲ ಬೀಸುತ್ತ ಬಂದ.

"ಕಾಳು ಎಲ್ಲೋ?"

"ನಡಕೋತ ನಡಕೋತ ತೆಳ್ಳಗ ಚೆಲ್ಲಿದೆ ಯವ್ವಾ!"

"ದಾರಿಯಾಗ? ಹಕ್ಕಿ ತಿಂದ್ವಲ್ಲೋ! ತಗ್ಗು ತೋಡಬೇಕು, ಒಳಗಿಡಬೇಕು, ಮ್ಯಾಲೆ ಮಣ್ಣು ಮುಚ್ಚಬೇಕು!"

"ಹಂಗಾ? ಇನ್ನೊಮ್ಮೆ ಹಂಗ ಮಾಡ್ತೀನಿ ತಗೋ."

ಹೇಗೋ ಕೈಗಡ ಬೀಜ ತಂದು ಬಿತ್ತಿದಳು. ಕಳೆ ಕೀಳಲು ಇಬ್ಬರು ಹೆಣ್ಣಾಳು ಬಂದರು. ಅವರಿಗೆ ರೊಟ್ಟಿ ಬುತ್ತಿ ಕಟ್ಟಿ ದ್ಯಾಮನ ಕೈಯಲ್ಲಿ ಕೊಟ್ಟಳು. ಮಧ್ಯಾಹ್ನ ದಾಟಿತು, ಆಳುಗಳು ಹಸಿದು ಬೈದು ಮನೆಗೆ ನಡೆದರು. ಫಕೀರವ್ವ ಓಡಿ ಬಂದರೆ ಮಗ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾನೆ.

"ಬುತ್ತಿ ಎಲ್ಲೋ?"

"ತಗ್ಗು ತೋಡಿ ಇಟ್ಟು ಮಣ್ಣು ಮುಚ್ಚೀನಿ ಯವ್ವಾ. ಇನ್ನೂ ಮೊಳಕಿ ಬಂದಿಲ್ಲ."

ಆ ವರ್ಷ ಬೆಳೆಯನ್ನು ಕಳೆ ನುಂಗಿತು. ಅವತ್ತು ಅವಳು ಒಂದು ಏಟೂ ಹಾಕಿದಳು. ಹೊಡೆದ ಕೈ ಅವಳಿಗೇ ಉರಿಯಿತು.

"ಚಲೋ ವಸ್ತು ಹೊಲದಾಗ ಬಿಡಬಾರದೋ! ಬುಟ್ಟಿ ತುಂಬಿ ಮನಿಗೆ ತರಬೇಕು, ಒಳಗಿಟ್ಟು ಬಾಗಲಾ ಹಾಕಬೇಕು!"

"ಹಂಗಾ? ಇನ್ನೊಮ್ಮೆ ಹಂಗ ಮಾಡ್ತೀನಿ ತಗೋ."

ಮುಂದಿನ ಬೇಸಿಗೆ ಹೊಲದ ಒಡ್ಡು ಒಡೆಯಿತು. ಅದೇ ವಾರ ತಮ್ಮ ಹಾಸಿಗೆ ಹಿಡಿದ ಸುದ್ದಿ ಬಂತು. ಫಕೀರವ್ವ ಗಂಟು ಕಟ್ಟಿಕೊಂಡು ಹೊರಟಳು. ಹೊರಡುವಾಗ ಅವಸರದಲ್ಲಿ ಇಷ್ಟೇ ಹೇಳಿದಳು, "ದ್ಯಾಮಾ, ಮಳಿ ಬಂತಂದ್ರ ಮ್ಯಾಲಿನ ಮಣ್ಣೆಲ್ಲಾ ಕೊಚ್ಚಿ ಹೋಗ್ತೈತಿ. ಅದಕ್ಕಿಂತ ಚಲೋ ವಸ್ತು ನಮಗಿಲ್ಲ. ಹೆಂಗರ ಮಾಡಿ ಉಳಸು!"

ತಿಂಗಳ ಮೇಲೆ ತಿರುಗಿ ಬಂದಳು. ಮನೆಯ ಬಾಗಿಲು ತಳ್ಳಿದಳು, ತೆರೆಯಲಿಲ್ಲ. ಮೈಯೆಲ್ಲ ಕೊಟ್ಟು ತಳ್ಳಿದಳು. ಸಂದಿಯಿಂದ ಕರಿ ಮಣ್ಣು ದಬದಬನೆ ಅವಳ ಕಾಲ ಮೇಲೆ ಬಿತ್ತು. ಒಲೆ, ಮಂಚ, ಪಾತ್ರೆ ಪಡಗ ಎಲ್ಲ ಅದರಡಿಗೆ. ಮಗ ದನದ ಕೊಟ್ಟಿಗೆಯಿಂದ ಎದ್ದು ಓಡಿ ಬಂದ.

"ಒಂದು ಹಿಡಿನೂ ಬಿಟ್ಟಿಲ್ಲ ಯವ್ವಾ! ಬುಟ್ಟಿ ತುಂಬಿ ತಂದೆ, ಒಳಗಿಟ್ಟೆ, ಬಾಗಲಾ ಹಾಕಿದೆ!"

ಅವನ ಅಂಗೈಗಳು ಬೊಬ್ಬೆಯೆದ್ದು ಒಡೆದಿದ್ದವು.

ಫಕೀರವ್ವ ಹೊಲಕ್ಕೆ ಓಡಿದಳು. ಬೆಳ್ಳಗೆ ಹರಳು, ಗಟ್ಟಿ ಮರಡಿ. ಅಲ್ಲಲ್ಲಿ ಎರೆಹುಳು ಬಿಸಿಲಿಗೆ ದಾರದ ಹಾಗೆ ಒಣಗಿ ಬಿದ್ದಿದ್ದವು. ಗಂಡನ ಅಷ್ಟು ವರ್ಷದ ದುಡಿಮೆ ಕೆರೆದು ಹೋಗಿತ್ತು. ಅವಳು ಕುಸಿದು ಕೂತಳು. ಹೆಂಗ ಮಾಡಬೇಕು ಅಂತ ಪ್ರತಿ ಸಲ ಚೀರಿ ಹೇಳಿದ್ದಳು. ಒಮ್ಮೆಯಾದರೂ ಅವನನ್ನು ಜೊತೆಗೆ ಕರಕೊಂಡು ಬಂದು, ಹಿಡಿ ಮಣ್ಣು ಕೈಗೆ ಕೊಟ್ಟು, ಇದು ಹೆಂಗ ಉಸಿರಾಡ್ತೈತಿ ನೋಡು ಅಂದಿದ್ದಿಲ್ಲ.

ದ್ಯಾಮ ಹಿಂದೆ ಬಂದು ನಿಂತಿದ್ದ. "ಈ ಸಲ ಏನು ತಪ್ಪಾತು ಯವ್ವಾ?"

"ನಿಂದಲ್ಲೋ ಮಗನ."

"ಬೈಯಿ ಯವ್ವಾ! ನೀ ಬೈದರ ತಾನ ನನಗ ಮುಂದ ಏನು ಮಾಡಬೇಕು ಅಂತ ತಿಳಿಯೋದು?"

ಅವಳಿಗೆ ಬೈಗುಳ ಬರಲಿಲ್ಲ, ಅಳು ಬಂತು. ನಾಳೆಯಿಂದ ಇಬ್ಬರೂ ಸೇರಿ ಮಣ್ಣನ್ನು ತಿರುಗಿ ಹೊರೋಣ ಅಂದಳು. ಆದರೆ ಮಳೆ ನಾಳೆಯ ತನಕ ಕಾಯಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಹನಿ ಶುರುವಾಯಿತು. ಕೊಟ್ಟಿಗೆಯಲ್ಲಿ ನಿಂತು ಫಕೀರವ್ವ ತನ್ನಷ್ಟಕ್ಕೆ ಅಂದಳು, "ಎಂಥಾ ಹದ ಮಳಿ! ಇದು ನಮ್ಮ ಮಣ್ಣಿನ ಮ್ಯಾಲೆ ಬಿದ್ದಿದ್ರ..."

ದ್ಯಾಮನ ಮುಖ ಅರಳಿತು. ಒಂದೇ ಜಿಗಿತಕ್ಕೆ ಮನೆಯ ಮಾಡು ಹತ್ತಿದ. ಹಂಚು ಕಿತ್ತು ಕಿತ್ತು ಎಸೆಯತೊಡಗಿದ.

"ಬ್ಯಾಡೋ! ಬ್ಯಾಡೋ ದ್ಯಾಮಾ!"

ಮಳೆಯ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಬಾಗಿಲ ಸಂದಿಯಿಂದ ಕರಿ ರಾಡಿ ಬೀದಿಗೆ ಇಳಿಯತೊಡಗಿತು. ಫಕೀರವ್ವ ಹೊಸ್ತಿಲಿಗೆ ಅಡ್ಡ ಕೂತು ಎರಡೂ ಕೈಯಿಂದ ಅದನ್ನು ಬಾಚಿ ಬಾಚಿ ಒಳಗೆ ಹಾಕುತ್ತಿದ್ದಳು. ಮೇಲೆ ದ್ಯಾಮ ತೊಯ್ದು ತೊಪ್ಪೆಯಾಗಿ, ನಗುತ್ತ ಕೂಗಿದ:

"ಬಿತ್ತು ಯವ್ವಾ! ಎಲ್ಲಾ ಮಳಿ ನಮ್ಮ ಮಣ್ಣಿಗೇ ಬಿತ್ತು!"