ಹೊಳೆ ಕಾಣುವ ಮನೆ

ಹೊಳೆದಂಡೆಯ ಆಶ್ರಮದಲ್ಲಿ ಚೆನ್ನವೀರ ತನಗೊಂದು ಕುಟೀರ ಕಟ್ಟಿಕೊಂಡ. ಮೂರು ಕಡೆ ಮಣ್ಣಿನ ಗೋಡೆ, ಹೊಳೆಯ ಕಡೆ ಏನೂ ಇಲ್ಲ. ಒಳಗೂ ಏನೂ ಇಲ್ಲ. ಬಟ್ಟೆ ನೇತುಹಾಕಲು ಒಂದು ಗೂಟ ಕೂಡ ಇರಲಿಲ್ಲ.

ನೋಡಿದವರೆಲ್ಲ ಹೊಗಳಿದರು. ಆಶ್ರಮದಲ್ಲಿದ್ದ ಮಾತ್ರಕ್ಕೆ ಹೊಗಳಿಕೆ ತಲೆಗೇರದೆ ಇರುತ್ತದೆಯೇ? ಗುರುಗಳು ಒಪ್ಪಿದರೆ ಉಳಿದ ಕುಟೀರಗಳನ್ನೂ ಹೀಗೇ ಕಟ್ಟಿಸುವುದೆಂದು ಮಾತಾಗಿತ್ತು. ಆ ಒಂದು ಒಪ್ಪಿಗೆಗಾಗಿ ಚೆನ್ನವೀರ ಹಗಲೂ ರಾತ್ರಿ ಹಂಬಲಿಸುತ್ತಿದ್ದ.

ಒಂದು ಬೆಳಿಗ್ಗೆ ಗುರುಗಳು ಬಂದು ಬರಿ ನೆಲದ ಮೇಲೆ ಕೂತರು.

"ಇಲ್ಲಿ ಒಳಗು ಹೊರಗು ಅನ್ನೋ ಭೇದವೇ ಇಲ್ಲ ಬುದ್ಧಿ," ಎಂದ ಚೆನ್ನವೀರ. "ಕೂತಲ್ಲಿಂದಲೇ ಹೊಳೆ ಕಾಣುತ್ತೆ. ಬೇಡದ್ದು ಒಂದೂ ಇಟ್ಟುಕೊಂಡಿಲ್ಲ."

"ಹೌದೇನಪ್ಪ? ನನಗಿನ್ನೂ ಹೊಳೆ ಕಾಣಲಿಲ್ಲ."

ವಯಸ್ಸಾಯಿತು, ಕಣ್ಣು ಮಂಜಾಗಿರಬೇಕು ಅಂದುಕೊಂಡ ಚೆನ್ನವೀರ.

"ಬಾಯಾರಿದೆ," ಎಂದರು ಗುರುಗಳು.

ಚೆನ್ನವೀರ ಹೊರಗೆ ಓಡಿ ಚೊಂಬಿನಲ್ಲಿ ನೀರು ತಂದ.

"ನೆಲ ತಣ್ಣಗಿದೆ."

ಮತ್ತೆ ಓಡಿ ಕಂಬಳಿ ತಂದ.

"ಒಂದು ಚೂರು ಬೆಲ್ಲ ಇದ್ದಿದ್ದರೆ..."

ಮತ್ತೆ ಓಡಿದ. ಈ ಸಲ ತಿರುಗಿ ನೋಡಿದರೆ ಗುರುಗಳು ಹಿಂದೆಯೇ ಬರುತ್ತಿದ್ದರು.

ಕುಟೀರದ ಹಿಂದೆ ಹಿರಿಯ ಶಿಷ್ಯ ಮರಿಸ್ವಾಮಿಯ ಗುಡಿಸಲಿತ್ತು. ಅದರ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯಲಿಲ್ಲ. ಒಳಗೆಲ್ಲ ಚೆನ್ನವೀರನ ಪೆಟ್ಟಿಗೆ, ಹಂಡೆ, ಅಕ್ಕಿ ಮೂಟೆ, ಸೌದೆ, ಹಾಸಿಗೆ ಸುರುಳಿ. ಕಾಲಿಡಲು ಜಾಗವಿರಲಿಲ್ಲ.

ಮರಿಸ್ವಾಮಿಯ ಚಾಪೆ ಹೊರಗೆ ಹೊಂಗೆಮರದ ಕೆಳಗಿತ್ತು. ಇಬ್ಬನಿಯಲ್ಲಿ ತೊಯ್ದುಹೋಗಿತ್ತು.

"ಇಲ್ಲೇ ಮಲಗ್ತೀಯೇನಪ್ಪ?" ಎಂದರು ಗುರುಗಳು.

ಮರಿಸ್ವಾಮಿ ಕೆಮ್ಮುತ್ತ ಎದ್ದುನಿಂತ. "ಗಾಳಿ ಚೆನ್ನಾಗಿದೆ ಬುದ್ಧಿ. ನಾಲ್ಕು ದಿನದ ಮಟ್ಟಿಗೆ ಸಾಮಾನು ಇಟ್ಟಿರ್ತೀನಿ ಅಣ್ಣ ಅಂದ. ಚಿಕ್ಕೋನು, ಇಲ್ಲ ಅನ್ನೋಕಾಗುತ್ತಾ? ಅವನ ಮನೆ ಲಕ್ಷಣವಾಗಿ ಕಾಣಬೇಕಲ್ಲ."

"ಯಾವಾಗಿನಿಂದ?"

ಮರಿಸ್ವಾಮಿ ಬಗ್ಗಿ ಚಾಪೆಯ ಇಬ್ಬನಿ ಕೊಡವತೊಡಗಿದ.

"ಚಳಿಗಾಲಕ್ಕೆ ಮುಂಚಿನಿಂದ," ಎಂದ ಚೆನ್ನವೀರನೇ.

ಆ ಕೆಮ್ಮು ಅವನಿಗೆ ದಿನವೂ ಕೇಳುತ್ತಿತ್ತು. ಕೇಳಿದಾಗೆಲ್ಲ ಹೊಳೆಯ ಕಡೆ ಮುಖಮಾಡಿ ಧ್ಯಾನಕ್ಕೆ ಕೂರುತ್ತಿದ್ದ. ಈಗ ಅದು ನೆನಪಾಗಿ ನಾಚಿಕೆಯಿಂದ ಹಿಡಿಯಷ್ಟಾದ.

"ಇದೂ ನಿನ್ನ ಮನೆಯೇನೋ ಚೆನ್ನವೀರ?"

ಅವನಿಗೆ ತಲೆ ಎತ್ತಲಾಗಲಿಲ್ಲ. "ಆ ಕುಟೀರಾನ ಕಿತ್ತುಹಾಕಿಬಿಡ್ತೀನಿ ಬುದ್ಧಿ."

"ಅದೇನು ಮಾಡಿತಪ್ಪ, ಪಾಪ?"

ಹಾಗೆಂದು ಗುರುಗಳು ಬಗ್ಗಿ ಹಾಸಿಗೆ ಸುರುಳಿಯನ್ನು ಹೆಗಲಿಗೇರಿಸಿಕೊಂಡರು.

"ನೀವು ಹೊರಬೇಡಿ, ನಾನು ಹೊರ್ತೀನಿ!" ಎಂದು ಚೆನ್ನವೀರ ಅಂಗಲಾಚಿದ. ಅವರು ಕೊಡಲಿಲ್ಲ. ಅವನು ಮೂಟೆ ಹೊತ್ತು ಅವರ ಹಿಂದೆ ನಡೆದ.

ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಕುಟೀರ ಸೇರಿತು. ಮರಿಸ್ವಾಮಿ ಒಣಗಿದ ಚಾಪೆಯನ್ನು ತನ್ನ ಗುಡಿಸಲಿನಲ್ಲಿ ಹಾಸಿಕೊಂಡು, ಕೆಮ್ಮು ಮರೆತು ನಿದ್ದೆಹೋದ.

ಚೆನ್ನವೀರನ ಕುಟೀರ ಈಗ ಸಂತೆಯಂತಿತ್ತು. ಸೌದೆ, ಹಂಡೆ, ಮೂಟೆಗಳು ಹೊಳೆಯ ಕಡೆಯನ್ನು ಹೆಚ್ಚುಕಡಿಮೆ ಮುಚ್ಚಿದ್ದವು. ಒಳಗೆ ಕಾಲಿಡಲು ಮುಖವಿಲ್ಲದೆ ಅವನು ಬಿಸಿಲಲ್ಲೇ ನಿಂತಿದ್ದ.

ಗುರುಗಳು ಪೆಟ್ಟಿಗೆಯ ಮೇಲೆ ಕೂತು, ಹಂಡೆಗೂ ಮೂಟೆಗೂ ನಡುವಿನ ಸಂದಿಯಲ್ಲಿ ಕತ್ತು ಚಾಚಿದರು.

"ಬಾರೋ ಒಳಗೆ," ಎಂದರು. "ಈಗ ಹೊಳೆ ಕಾಣ್ತಾ ಇದೆ."