ದೋಣಿಗಂಟೆಯ ಹಗ್ಗ

ನದಿಯ ದಡದಲ್ಲೊಂದು ಆಶ್ರಮ. ಗುರುಗಳ ಹೆಸರು ಪುಟ್ಟಸ್ವಾಮಿ. ಆಶ್ರಮ ಪುಟ್ಟದೇ, ಆದರೆ ಇಂಟರ್ನೆಟ್ ಇತ್ತು ಕಣ್ರೀ!

ಒಂದು ಶನಿವಾರ ಶಿಷ್ಯ ನಂಜುಂಡ ಕಂಪ್ಯೂಟರಿನ ಮುಂದೆ ಕುದಿಯುತ್ತಿದ್ದ.

ಪಡಸಾಲೆಯ ಹೆಂಚು ಕುಸಿದು ಮಾರನೆಯ ದಿನದ ಸತ್ಸಂಗ ನಿಂತಿತ್ತು. ದೂರದೂರಿನ ಮುದುಕರು ಬುತ್ತಿ ಕಟ್ಟಿಕೊಂಡು ಹೊರಡುವುದರೊಳಗೆ ಮನೆಮನೆಗೂ ಸುದ್ದಿ ಮುಟ್ಟಬೇಕು. ಇಮೇಲ್ ಒಂದೂ ಹೋಗುತ್ತಿಲ್ಲ.

“ಇಂಟರ್ನೆಟ್ ಕಂಪನಿಯವರು ದಾರಿ ಮುಚ್ಚಿದ್ದಾರೆ, ಗುರುಗಳೇ. ಮನೆ ಕಂಪ್ಯೂಟರಿನಿಂದ ನೇರವಾಗಿ ಇಮೇಲ್ ಕಳಿಸುವಂತಿಲ್ಲವಂತೆ.”

“ಯಾಕಂತೆ?”

“ವೈರಸ್ ಹೊಕ್ಕರೆ ಯಜಮಾನನಿಗೇ ಗೊತ್ತಿಲ್ಲದೆ ರಾಶಿ ರಾಶಿ ಕಸದ ಇಮೇಲ್ ಹೋಗುತ್ತದಂತೆ. ಅದಕ್ಕೇ ಎಲ್ಲರೂ ಇಮೇಲ್ ಸಾಗಿಸುವ ಕಂಪನಿಯ ಸರ್ವರ್‌ಗೆ ಹೆಸರು, ಪಾಸ್‌ವರ್ಡ್ ಹೇಳಿ, ಅದರ ಮೂಲಕವೇ ಕಳಿಸಬೇಕು.”

“ಹೇಳಿ ಕಳಿಸಪ್ಪ.”

“ನಾವೇನು ಕಳ್ಳರೇ? ಆಶ್ರಮದ ಇಮೇಲ್ ಸರ್ವರ್ ಅನ್ನು ನಾನೇ ಕೈಯಾರೆ ಕಟ್ಟಿದ್ದೇನೆ. ಇನ್ನೊಬ್ಬರ ಬಾಗಿಲಲ್ಲಿ ಹೆಸರು ಹೇಳಿಕೊಂಡು ನಿಲ್ಲಲಾರೆ!”

“ಸರಿ, ನಡಿ. ದೋಣಿ ಹತ್ತಿ ಹೋಗಿ ನಾವೇ ಮನೆಮನೆಗೆ ಹೇಳಿಬರೋಣ.”

ದಡದಲ್ಲಿ ದೋಣಿ ಕರೆಯುವ ಗಂಟೆ. ಬಾರಿಸಿದವರು ಹಗ್ಗವನ್ನು ಮೇಲಿನ ಗೂಟಕ್ಕೆ ಸಿಕ್ಕಿಸಬೇಕು, ಅದು ಅಲ್ಲಿನ ಪದ್ಧತಿ. ಹಿಂದಿನ ದಿನ ನಂಜುಂಡ ಮರೆತಿದ್ದ. ಬೆಳಗಿನಿಂದ ಕೋತಿಗಳು ಜೋತಾಡಿದ್ದೇ ಜೋತಾಡಿದ್ದು! ಅಂಬಿಗ ಹೊನ್ನಯ್ಯ ಎರಡು ಸಲ ಬಂದು, ಯಾರನ್ನೂ ಕಾಣದೆ, ಕೋತಿಗಳಿಗೆ ಬೈದು ಹೋಗಿದ್ದ.

ನಂಜುಂಡ ಗಂಟೆ ಬಾರಿಸಿದ. ಆಚೆ ದಡದ ಹೊನ್ನಯ್ಯ ತಲೆಯನ್ನೂ ಎತ್ತಲಿಲ್ಲ.

“ಕಿವಿ ಕೇಳಲ್ವಾ ಅವನಿಗೆ?”

“ಬೆಳಗಿನಿಂದ ಕೇಳಿಸಿಕೊಂಡೇ ಇದ್ದಾನೆ, ಪಾಪ.”

ನಂಜುಂಡ ಜೋತುಬಿದ್ದ ಹಗ್ಗ ನೋಡಿದ. ನಾಲಿಗೆ ಕಚ್ಚಿಕೊಂಡ.

ಗುರುಗಳು ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದರು. “ಹೊನ್ನಯ್ಯಾ! ನಾನು ಕಣಯ್ಯಾ, ಪುಟ್ಟಸ್ವಾಮೀ!”

ದೋಣಿ ಹೊರಟಿತು.

ನಂಜುಂಡ ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿ ಆಶ್ರಮಕ್ಕೆ ಓಡಿದ. ದೋಣಿ ದಡ ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಾ ಬಂದ.

“ಹೆಸರು ಹೇಳಿಯೇ ಕಳಿಸಿದೆ. ಇಮೇಲ್ ಎಲ್ಲ ಹೋದವು.”

“ಹೊನ್ನಯ್ಯ, ಇವತ್ತು ದೋಣಿ ಬೇಡ. ಊಟಕ್ಕೆ ಬಾ. ನಂಜುಂಡ ಬಡಿಸುತ್ತಾನೆ.”

ನಂಜುಂಡ ನಗಲಿಲ್ಲ. “ನನ್ನದಿರಲಿ, ಗುರುಗಳೇ. ನೀವು ಹೆಸರು ಕೂಗಿ ಹೇಳಬೇಕಾಯಿತಲ್ಲ! ನೀವು ಯಾರಿಗೆ ಗೊತ್ತಿಲ್ಲ?”

ಗುರುಗಳು ಒದ್ದೆ ಪಂಚೆ ಹಿಂಡುತ್ತಾ ಅವನ ಭುಜ ಹಿಡಿದುಕೊಂಡರು.

“ಈ ದಡದಲ್ಲಿ ಎಲ್ಲರಿಗೂ ಗೊತ್ತು, ಮಗು. ಗಂಟೆ ಕೇಳಿಸಿಕೊಳ್ಳುವವನು ಆ ದಡದಲ್ಲಿರುತ್ತಾನೆ.”